ಉಸಿರು ಪೈಪಿನ ಬಟ್ಟೆ

ಬೆಳಗ್ಗೆ ಹತ್ತು ಗಂಟೆ ಐವತ್ತೆರಡು ನಿಮಿಷ. ಅಷ್ಟು ಕರಾರುವಾಕ್ಕಾಗಿ ನೆನಪಿರುವುದಕ್ಕೆ ಅಮ್ಮನೇ ಕಾರಣ. ಅವತ್ತು ಶನಿವಾರ, ಆಯುಧಪೂಜೆ. ಹತ್ತೂವರೆಯವರೆಗೆ ರಾಹುಕಾಲ, ಅದು ಕಳೆಯದೆ ಗಾಡಿಗೆ ಕುಂಕುಮ ಇಡಕೂಡದೆಂದು ಅಮ್ಮ ನನ್ನ ಕೈಗಡಿಯಾರವನ್ನು ನಂಬಿ ಕೂತಿದ್ದಳು. ಎರಡೆರಡು ನಿಮಿಷಕ್ಕೂ "ಈಗೆಷ್ಟಾಯ್ತೇ?" ಎಂದು ಕೇಳುತ್ತಿದ್ದಳು. ಪೂಜೆ ಮುಗಿದು, ಅಣ್ಣ ಗಾಡಿ ಸ್ಟಾರ್ಟ್ ಮಾಡಿ, ಎಂಜಿನ್ ಬಿಸಿಯಾಗಲೆಂದು ಹಾಗೇ ಬಿಟ್ಟ ಮೇಲೂ ನನ್ನ ಕಣ್ಣು ಗಡಿಯಾರದ ಮೇಲೇ ಇತ್ತು. ಆಗ ಶಬ್ದ ಬದಲಾಯಿತು.

ಮೊದಲು ಅದು ಖುಷಿಯ ಶಬ್ದದಂತೆಯೇ ಇತ್ತು. ಅಣ್ಣ ಆಕ್ಸಿಲರೇಟರ್ ಒತ್ತುತ್ತಿದ್ದಾನೆ, ಹೊಸ ಸೈಲೆನ್ಸರಿನ ದನಿಯನ್ನು ಬೀದಿಯವರಿಗೆ ಕೇಳಿಸುತ್ತಿದ್ದಾನೆ ಅಂದುಕೊಂಡೆ. ಅವನ ಮುಖ ನೋಡಿದೆ. ಅವನು ಕಿಟಕಿಯಿಂದ ಕೈ ಹೊರಗೆ ಚಾಚಿ ತೋರಿಸಿದ. ಕೈಯಲ್ಲಿ ಗಾಡಿಯ ಕೀ ಇತ್ತು. ಕೀ ಹೊರಗೆ ಬಂದಿದ್ದರೂ ಎಂಜಿನ್ ಓಡುತ್ತಲೇ ಇತ್ತು, ಕ್ಷಣಕ್ಷಣಕ್ಕೂ ಇನ್ನಷ್ಟು ಜೋರಾಗಿ.

ಅಲ್ಲಿಂದ ಮುಂದಿನ ನಲವತ್ತು ಸೆಕೆಂಡುಗಳನ್ನು ನಾನು ಎಷ್ಟು ಸಲ ತಿರುಗಿಸಿ ನೋಡಿದ್ದೇನೋ ಲೆಕ್ಕವಿಲ್ಲ. ನೋಡಿದಾಗಲೆಲ್ಲ ಅವು ಉದ್ದವಾಗುತ್ತ ಹೋಗಿವೆ. ಈಗ ಅವುಗಳೊಳಗೆ ಒಂದು ಇಡೀ ಮಧ್ಯಾಹ್ನವೇ ಹಿಡಿಸುವಷ್ಟು ಜಾಗವಿದೆ.

ಆ ಗಾಡಿ ನಮ್ಮ ಮನೆಗೆ ಬಂದದ್ದು ಎರಡು ಸಾವಿರದ ಇಸವಿ ಕಳೆದು ಮೂರ್ನಾಲ್ಕು ವರ್ಷಕ್ಕೆ. ಅಣ್ಣನಿಗೆ ಪಂಪ್‌ಸೆಟ್ ರಿಪೇರಿ ಅಂಗಡಿ ಇತ್ತು. ಮೋಟಾರು, ಪೈಪು ಹೊತ್ತು ತೋಟಗಳಿಗೆ ಹೋಗಿಬರಲು ಹಿಂದುಗಡೆ ಜಾಗವಿರುವ ಎತ್ತರದ ಕಾರೊಂದು ಬೇಕಿತ್ತು. ಯಾರೋ ಓಡಿಸಿ ಬಿಟ್ಟ ಟರ್ಬೋ ಡೀಸೆಲ್ ಕಾರೊಂದು ಸಿಕ್ಕಿತು. ವಿನೋಬನಗರದ ನಮ್ಮ ಮನೆಯ ಗೇಟಿನೊಳಗೆ ಅದು ಅಳತೆ ತೆಗೆದು ಮಾಡಿದ ಹಾಗೆ ಕೂರುತ್ತಿತ್ತು. ಮುಂದಿನ ಬಂಪರಿಗೂ ಮನೆಯ ಗೋಡೆಗೂ ನಡುವೆ ಮೂರು ಅಡಿ ಉಳಿಯುತ್ತಿತ್ತು. ಈ ಮೂರು ಅಡಿಯ ಮಾತು ಮುಂದೆ ಬರುತ್ತದೆ.

ಬಂದ ಹೊಸದರಲ್ಲಿ ಗಾಡಿಗೆ ಉಸಿರಾಟದ ಕಾಯಿಲೆ ಇತ್ತು. ಏರು ಬಂದರೆ ಕಪ್ಪು ಹೊಗೆ ಉಗುಳಿ ಸುಸ್ತಾಗುತ್ತಿತ್ತು. ಶಿವಮೊಗ್ಗದಲ್ಲಿ ಇಬ್ಬರಿಗೆ ತೋರಿಸಿಯಾಯಿತು. ಕೊನೆಗೆ ಯಾರೋ ಭದ್ರಾವತಿಯಲ್ಲೊಬ್ಬ ಮೇಸ್ತ್ರಿ ಇದ್ದಾರೆ, ಅವರ ಬಳಿ ಹೋಗಿ ಅಂದರು. ಮೇಸ್ತ್ರಿ ಅಲ್ಲಿನ ಕಾರ್ಖಾನೆಯೊಂದರಲ್ಲಿ ಬಹಳ ವರ್ಷ ಟರ್ನರ್ ಆಗಿದ್ದವರು. ಸ್ವಯಂನಿವೃತ್ತಿ ತೆಗೆದುಕೊಂಡು ಓಲ್ಡ್ ಟೌನಿನ ತಮ್ಮ ಮನೆಯ ಹಿಂದೆ ತಗಡಿನ ಶೆಡ್ ಹಾಕಿ, ಒಂದು ಹಳೆಯ ಲೇತು ಇಟ್ಟುಕೊಂಡು ಎಂಜಿನ್ ಕೆಲಸ ಮಾಡುತ್ತಿದ್ದರು. ನಾನಾಗ ಬಿ.ಎಸ್ಸಿ. ಮುಗಿಸಿ ಭಾನುವಾರಗಳಲ್ಲಿ ಭದ್ರಾವತಿಯ ಟ್ಯುಟೋರಿಯಲ್ ಒಂದರಲ್ಲಿ ಭೌತಶಾಸ್ತ್ರ ಹೇಳಿಕೊಡುತ್ತಿದ್ದೆ. ಅಣ್ಣನ ಜೊತೆ ಗಾಡಿಯಲ್ಲಿ ಹೋಗುವುದು, ಪಾಠ ಮುಗಿಸಿ ಶೆಡ್ಡಿಗೆ ಬಂದು ಕೂರುವುದು, ಸಂಜೆ ಒಟ್ಟಿಗೆ ವಾಪಸು. ಹೀಗೆ ಆ ಮಳೆಗಾಲದ ಭಾನುವಾರಗಳೆಲ್ಲ ಶೆಡ್ಡಿನ ಮರದ ಸ್ಟೂಲಿನ ಮೇಲೆ ಕಳೆದವು.

ಟರ್ಬೋ ಎಂದರೇನೆಂದು ನನಗೆ ಮೇಸ್ತ್ರಿಯೇ ಹೇಳಿದ್ದು. ಪುಸ್ತಕದಲ್ಲಿ ಓದಿದ್ದೆ, ಆದರೆ ಕೈಯಲ್ಲಿ ಹಿಡಿದಿರಲಿಲ್ಲ. ಬಸವನಹುಳುವಿನ ಚಿಪ್ಪಿನಂಥ ಎರಡು ಎರಕದ ಮನೆಗಳು, ನಡುವೆ ಬೆರಳುದ್ದದ ಒಂದು ಕಂಬಿ, ಕಂಬಿಯ ಎರಡು ತುದಿಗೆ ಎರಡು ಪುಟ್ಟ ಚಕ್ರ.

"ನೋಡು ತಾಯಿ, ಈ ಕಡೆ ಚಕ್ರಕ್ಕೆ ಎಂಜಿನ್ ಹೊಗೆ ಹೊಡಿತದೆ, ಅದು ತಿರುಗ್ತದೆ. ಅದು ತಿರುಗಿದ್ರೆ ಆ ಕಡೆದೂ ತಿರುಗಲೇಬೇಕು, ಒಂದೇ ಕಂಬಿ ಅಲ್ವಾ. ಆ ಕಡೆದು ಗಾಳಿ ಎಳ್ದು ಎಂಜಿನ್ ಒಳಗೆ ತುಂಬ್ತದೆ. ಬಿಟ್ಟ ಉಸಿರಲ್ಲೇ ಹೊಸ ಉಸಿರು ಎಳ್ಕೊಳ್ಳೋ ಗಿರಾಕಿ ಇದು."

"ಇದ್ರ ಬೇರಿಂಗ್?"

"ಎಣ್ಣೆನೇ ಬೇರಿಂಗ್. ಎಣ್ಣೆ ಮೇಲೆ ತೇಲ್ತಾ ತಿರುಗ್ತದೆ. ಎಣ್ಣೆ ಬರಬೇಕು, ಬಂದಷ್ಟೇ ಸಲೀಸಾಗಿ ವಾಪಸ್ ಇಳೀಬೇಕು. ಇಳಿಯೋ ದಾರಿ ಕಟ್ಟಿದ್ರೆ ಅದು ಸುಮ್ನೆ ಕೂರಲ್ಲ, ಗಾಳಿ ದಾರಿಗೆ ನುಗ್ತದೆ. ಡೀಸೆಲ್ ಎಂಜಿನ್‌ಗೆ ಎಣ್ಣೆನೂ ಊಟನೇ. ಆಮೇಲೆ ನೀನು ಕೀ ತೆಗೆದ್ರೂ ಅದು ಕೇಳಲ್ಲ."

ಅವರು ಅದನ್ನು ಹೇಳಿದ್ದು ಕಾಫಿ ಲೋಟವನ್ನು ಅಂಗೈಯಲ್ಲಿ ತಿರುಗಿಸುತ್ತ, ಮಳೆ ನೋಡುತ್ತ. ನಾನು ಕಂಬಿಯನ್ನು ಬೆರಳಲ್ಲಿ ತಿರುಗಿಸಿದೆ. ಅದು ಶಬ್ದವೇ ಇಲ್ಲದೆ ತಿರುಗಿ ತಿರುಗಿ, ಮನಸ್ಸಿಲ್ಲದ ಮನಸ್ಸಿನಿಂದ ನಿಂತಿತು.

ಮೇಸ್ತ್ರಿ ನಮ್ಮ ಗಾಡಿಗೆ ಮೂರು ಕೆಲಸ ಮಾಡಿದರು. ಮಸಿ ಕಟ್ಟಿದ್ದ ಸೈಲೆನ್ಸರ್ ಪೈಪನ್ನು ತೆಗೆದು ಅಗಲದ ಪೈಪು ಹಾಕಿದರು. ಟರ್ಬೋದಿಂದ ಎಣ್ಣೆ ಇಳಿಯುವ ಸಣ್ಣ ಪೈಪು ಎಲ್ಲೋ ನಜ್ಜಾಗಿತ್ತು. ಅದನ್ನು ಹೊಸದಾಗಿ ಬಗ್ಗಿಸಿ ಮಾಡಿದರು. ಮೂರನೆಯದು, ಎಂಜಿನ್ನಿನ ಹೊಟ್ಟೆಯಲ್ಲಿ ಸೇರಿಕೊಳ್ಳುವ ಹಬೆ ಹೊರಗೆ ಹೋಗಲು ಒಂದು ರಬ್ಬರ್ ಪೈಪು ಇರುತ್ತದೆ. ಮೇಸ್ತ್ರಿ ಅದನ್ನು ಉಸಿರು ಪೈಪು ಎನ್ನುತ್ತಿದ್ದರು. ಅದು ಮೊದಲು ಟರ್ಬೋಗೆ ಹೋಗುವ ಗಾಳಿಗೇ ಸೇರುತ್ತಿತ್ತು. ಎಣ್ಣೆಯ ಹಬೆ ಟರ್ಬೋಗೆ ಹೋಗಿ ಜಿಡ್ಡು ಕಟ್ಟುವುದು ಬೇಡವೆಂದು ಅದನ್ನು ಅಲ್ಲಿಂದ ಬಿಡಿಸಿ, ಮುಂದಿನ ಚಕ್ರದ ಪಕ್ಕ ಕೆಳಮುಖವಾಗಿ ಇಳಿಬಿಟ್ಟರು. ಅದರ ಬಾಯಿ ಬಯಲಿಗೆ ತೆರೆದಿರುತ್ತಿತ್ತು.

ಪೈಪು ಬಗ್ಗಿಸುವುದನ್ನು ನೋಡಲೆಂದೇ ಒಂದು ಭಾನುವಾರ ಟ್ಯುಟೋರಿಯಲ್‌ಗೆ ರಜೆ ಹಾಕಿದ್ದೆ. ಖಾಲಿ ಪೈಪನ್ನು ಹಾಗೇ ಬಗ್ಗಿಸಿದರೆ ಮಡಿಕೆಯಲ್ಲಿ ಚಪ್ಪಟೆಯಾಗುತ್ತದೆ. ಅದಕ್ಕೆ ಒಳಗೆ ಮರಳು ತುಂಬಬೇಕು. ಮೇಸ್ತ್ರಿಯ ಹೆಂಡತಿ ಭದ್ರಾ ಹೊಳೆಯ ಮರಳನ್ನು ಜರಡಿ ಹಿಡಿದು, ಅವಲಕ್ಕಿ ಹುರಿದ ಹಾಗೆ ಬಾಣಲೆಯಲ್ಲಿ ಹುರಿದು ಕೊಡುತ್ತಿದ್ದರು. "ಮದುವೆಯಾದ ಹೊಸದ್ರಲ್ಲಿ ರವೆ ಹುರಿ ಅಂದ್ರು, ಈಗ ಮರಳು ಹುರಿ ಅಂತಾರೆ. ನಾಳೆ ಕಲ್ಲು ಬೇಯಿಸು ಅನ್ನಬಹುದು" ಎಂದು ಅವರು ಗೊಣಗುತ್ತಿದ್ದರು. ಬೆಚ್ಚಗಿನ ಮರಳನ್ನು ಪೈಪಿಗೆ ಸುರಿದು, ಸುತ್ತಿಗೆಯಲ್ಲಿ ತಟ್ಟಿ ತಟ್ಟಿ ಗಟ್ಟಿ ಮಾಡಿ, ಎರಡೂ ಬಾಯಿಗೆ ಮರದ ಬಿರಡೆ ಜಡಿದು, ಬೆಂಕಿಯಲ್ಲಿ ಕೆಂಪಗೆ ಕಾಯಿಸಿ ಬಗ್ಗಿಸುವುದು. ಕಬ್ಬಿಣ ಆಗ ನಿದ್ದೆಗಣ್ಣಿನಲ್ಲಿರುವವರ ಹಾಗೆ, ಹೇಳಿದ ಕಡೆ ವಾಲುತ್ತಿತ್ತು.

ನನಗೆ ಮರೆಯದಿರುವುದು ದಾರ. ಪ್ರತಿ ಬಿರಡೆಗೂ ಮೇಸ್ತ್ರಿ ಒಂದು ಕೆಂಪು ದಾರ ಕಟ್ಟಿ, ಅಂಥದೇ ಇನ್ನೊಂದು ದಾರವನ್ನು ತಮ್ಮ ಬಲಗೈ ಮಣಿಕಟ್ಟಿಗೆ ಕಟ್ಟಿಕೊಳ್ಳುತ್ತಿದ್ದರು. ಬಿರಡೆ ತೆಗೆದು, ಮರಳು ಸುರಿದು, ಪೈಪನ್ನು ಬಿಸಿಲಿಗೆ ಹಿಡಿದು ಒಳಗೆ ನೋಡಿ, ಆಮೇಲೆ ಒಂದು ದಾರ ಬಿಚ್ಚುವುದು. ಎರಡು ಬಿರಡೆ ಜಡಿದರೆ ಕೈಯಲ್ಲಿ ಎರಡು ದಾರ.

"ಮರೆವು ಅಂತ ಇದ್ಯಾ ನಿಮ್ಗೆ?" ಎಂದು ಕೇಳಿದ್ದೆ.

"ಮುಚ್ಚೋನು ತೆಗೆಯೋದು ಮರೀತಾನೆ ತಾಯಿ. ಮುಚ್ಚೋವಾಗ ಇರೋ ಭಯ ತೆಗೆಯೋವಾಗ ಇರಲ್ಲ. ಅದಕ್ಕೆ ದಾರ."

ಇದನ್ನು ನನ್ನ ಕಿವಿಯಾರೆ ಕೇಳಿಸಿಕೊಂಡಿದ್ದೆ.

ಕೆಲಸ ಮುಗಿದ ದಿನ ವಾಪಸು ಬಂದವರು ಸೀದಾ ಮನೆಗೆ ಹೋಗಲಿಲ್ಲ. ಅಣ್ಣ ರಾಗಿಗುಡ್ಡದ ಕಡೆ ತಿರುಗಿಸಿದ. ಏರಿನಲ್ಲಿ ಕಿಟಕಿ ಇಳಿಸಿ "ಕೇಳು" ಅಂದ. ಎಂಜಿನ್ನಿನ ಗುಡುಗುಡಿನ ಮೇಲೆ, ದೂರದಲ್ಲಿ ಯಾರೋ ಒಬ್ಬರೇ ಶಿಳ್ಳೆ ಹಾಕುತ್ತ ನಡೆದು ಹೋಗುವಂಥ ತೆಳ್ಳಗಿನ ಒಂದು ದನಿ. ಟರ್ಬೋದ ಶಿಳ್ಳೆ. ಗಾಡಿ ಏದುಸಿರಿಲ್ಲದೆ ಮೇಲೇರಿತು. ಗುಡ್ಡದ ಮೇಲೆ ಸಂಜೆಯ ಮಂಜು ಇಳಿಯುತ್ತಿತ್ತು, ಕೆಳಗೆ ಊರಿನ ದೀಪಗಳು ಒಂದೊಂದಾಗಿ ಹತ್ತುತ್ತಿದ್ದವು. ಮೇಸ್ತ್ರಿ ಹೇಳಿದ್ದರು: ಜೋರಾಗಿ ಓಡಿದ ಮೇಲೆ ತಕ್ಷಣ ಆಫ್ ಮಾಡಬಾರದು, ಎರಡು ನಿಮಿಷ ಸುಮ್ಮನೆ ಓಡಲಿ, ಚಕ್ರ ನಿಧಾನಕ್ಕೆ ತಣ್ಣಗಾಗಲಿ. ಅವತ್ತಿನಿಂದ ಮನೆಯಲ್ಲಿ ಅದೊಂದು ಕ್ರಮವಾಯಿತು. ಅಣ್ಣ ಗೇಟಿನೊಳಗೆ ಬಂದು ಎರಡು ನಿಮಿಷ ಗಾಡಿಯಲ್ಲೇ ಕೂತಿರುತ್ತಿದ್ದ. ಆ ಗುಡುಗುಡು ಕೇಳಿದೊಡನೆ ಅಮ್ಮ ತಟ್ಟೆ ಹಾಕುತ್ತಿದ್ದಳು. ಶಬ್ದ ನಿಲ್ಲುವುದಕ್ಕೂ ಸಾರು ಬಿಸಿಯಾಗುವುದಕ್ಕೂ ಸರಿಹೋಗುತ್ತಿತ್ತು.

ಹಬ್ಬದ ಹಿಂದಿನ ಸಂಜೆ ಗಾಡಿ ತೊಳೆದೆವು. ಅಣ್ಣನ ಕೈಯಲ್ಲಿ ಪಂಪುಗಳಿಗೇನು ಬರ. ಅಂಗಡಿಯದೊಂದನ್ನು ತಂದು ನೀರಿನ ಸಂಪಿನೊಳಗೆ ಇಳಿಸಿ, ಬಾನೆಟ್ ಎತ್ತಿ, ಎಂಜಿನ್ನಿಗೆ ಬಾಣದಂತೆ ನೀರು ಬಿಟ್ಟ. ಅದಕ್ಕೆ ಮುಂಚೆ ಅವನು ಗಾಳಿ ಎಳೆಯುವ ಬಾಯಿಗೆ ಪ್ಲಾಸ್ಟಿಕ್ ಚೀಲ ಕಟ್ಟಿ, "ಚಕ್ರದ ಹತ್ರ ಆ ಉಸಿರು ಪೈಪ್ ಇದೆಯಲ್ಲ, ಅದಕ್ಕೂ ಏನಾದ್ರೂ ತುರುಕೇ, ನೀರು ಹೋಗ್ಬಾರ್ದು" ಅಂದ. ಅಮ್ಮ ಗಾಡಿ ಒರೆಸಲೆಂದು ತನ್ನ ಹಳೆಯ ಹತ್ತಿ ಸೀರೆಯನ್ನು ಹರಿದು ತುಂಡು ಮಾಡಿ ಕೊಟ್ಟಿದ್ದಳು. ನೀಲಿ ಅಂಚಿದ್ದ ಒಂದು ತುಂಡನ್ನು ಸುರುಳಿ ಮಾಡಿ, ಬೆರಳಲ್ಲಿ ಒತ್ತಿ ಒತ್ತಿ ಒಳಗೆ ತುರುಕಿದೆ. ತುದಿಯೂ ಕಾಣದ ಹಾಗೆ. ಅಚ್ಚುಕಟ್ಟಾಗಿ ಮಾಡಿದೆನೆಂಬ ಸಮಾಧಾನ ಬೇರೆ.

ತೊಳೆದ ಮೇಲೆ ಅಣ್ಣ ತನ್ನ ಚೀಲ ಬಿಚ್ಚಿದ. ನಾನು ಒಳಗೆ ಚೆಂಡು ಹೂ ಕಟ್ಟಲು ಹೋಗಿದ್ದೆ. ಬೇರೆ ದಿನವಾಗಿದ್ದರೆ ತೊಳೆದ ಕೂಡಲೇ ಒಮ್ಮೆ ಸ್ಟಾರ್ಟ್ ಮಾಡಿ, ಬಾನೆಟ್ ಕೆಳಗೆ ಬಗ್ಗಿ ನೋಡುತ್ತಿದ್ದೆವು. ಆದರೆ ತೊಳೆದ ಗಾಡಿ, ತೊಳೆದ ಸ್ಪ್ಯಾನರು ಪೂಜೆಯಾಗುವ ತನಕ ಕೆಲಸ ಮಾಡಕೂಡದು. ಮೇಸ್ತ್ರಿಯೂ ಇದರಲ್ಲಿ ಕಟ್ಟುನಿಟ್ಟು. ತಾವು ಕೈಯಿಟ್ಟ ಎಂಜಿನ್ನಿನ ಮೊದಲ ಹಬ್ಬಕ್ಕೆ ಅವರು ತಪ್ಪದೆ ಹೋಗುತ್ತಿದ್ದರು, ಪೂಜೆಯ ನಂತರದ ಮೊದಲ ಶಬ್ದ ಕೇಳಲು. ನಮ್ಮಲ್ಲಿಗೂ ಬೆಳಗಿನ ಬಸ್ಸಿಗೆ ಬಂದಿದ್ದರು, ಇಸ್ತ್ರಿ ಮಾಡಿದ ಬಿಳಿ ಶರ್ಟು ಹಾಕಿಕೊಂಡು.

ಆ ಬೆಳಗ್ಗೆ ಎಲ್ಲವೂ ಇರಬೇಕಾದಂತೆಯೇ ಇತ್ತು. ಚಕ್ರದ ಕೆಳಗೆ ನಿಂಬೆಹಣ್ಣು. ಗೇಟಿನ ಬಳಿ ಒಡೆದ ಬೂದುಗುಂಬಳ, ಅದರ ಹೊಟ್ಟೆಯಲ್ಲಿ ಕುಂಕುಮ. ಎತ್ತಿದ ಬಾನೆಟ್ಟಿನ ಒಳಗೆ ಎಂಜಿನ್ನಿಗೂ ಹೂವು. ಪಕ್ಕದ ಜಗಲಿಯಲ್ಲಿ ಹಲಸಿನ ಮಣೆ, ಮಣೆಯ ಮೇಲೆ ವಿಭೂತಿ ಹಚ್ಚಿದ ಸ್ಪ್ಯಾನರುಗಳು, ಅಣ್ಣನ ಟೆಸ್ಟರು, ನನ್ನ ಒಂದು ಪೆನ್ನು. ಮೇಸ್ತ್ರಿ ಜಗಲಿಗೆ ಒರಗಿ ಕಡ್ಲೆಪುರಿ ತಿನ್ನುತ್ತ ಕಿವಿಗೊಟ್ಟಿದ್ದರು. ಅಮ್ಮ ಆರತಿ ತಟ್ಟೆ ಹಿಡಿದು ಬಂಪರಿನ ಮುಂದೆ, ಆ ಮೂರು ಅಡಿಯಲ್ಲಿ ನಿಂತಿದ್ದಳು.

ಶಬ್ದ ಏರಿತು. ಗುಡುಗು ಹೋಗಿ ಕೂಗಾಯಿತು, ಕೂಗು ಹೋಗಿ ಕಿರುಚಾಯಿತು. ಸೈಲೆನ್ಸರಿನಿಂದ ಬಿಳಿ ಹೊಗೆ, ಹಾಲು ಉಕ್ಕಿದ ಹಾಗೆ ಬಂತು. ಮೊದಲು ಎದುರುಮನೆ ಕರಗಿತು, ಆಮೇಲೆ ಗೇಟು, ಆಮೇಲೆ ಗಾಡಿಯ ಹಿಂಭಾಗ. ಬಾನೆಟ್ಟಿನ ಹೂವಿನ ಎಸಳುಗಳು ಎಷ್ಟು ವೇಗದಲ್ಲಿ ನಡುಗುತ್ತಿದ್ದವೆಂದರೆ ನಿಂತ ಹಾಗೇ ಕಂಡವು. ಎಣ್ಣೆ ಅಳೆಯುವ ಕಡ್ಡಿ ತನ್ನಷ್ಟಕ್ಕೆ ಗೂಡಿನಿಂದ ಮೇಲೆದ್ದಿತ್ತು, ಯಾರೋ ಒಳಗಿನಿಂದ ತಳ್ಳಿದ ಹಾಗೆ. ನಾನು ಅದನ್ನು ನೋಡಿದೆ. ಏಕೆ ಎದ್ದಿದೆ ಎಂದು ಶಾಂತವಾಗಿ, ಪರೀಕ್ಷೆಯ ಪ್ರಶ್ನೆಯಂತೆ ಯೋಚಿಸಿದೆ.

ಅಣ್ಣನಿಗೆ ಒಂದು ದಾರಿ ಗೊತ್ತಿತ್ತು. ಟಾಪ್ ಗೇರಿಗೆ ಹಾಕಿ, ಬ್ರೇಕ್ ಒತ್ತಿ, ಕ್ಲಚ್ ಬಿಟ್ಟರೆ ಎಂಜಿನ್ ಭಾರ ತಡೆಯಲಾರದೆ ನಿಲ್ಲುತ್ತದೆ. ನಿಲ್ಲದಿದ್ದರೆ ಗಾಡಿ ಮುಂದಕ್ಕೆ ನೆಗೆಯುತ್ತದೆ. ಮುಂದೆ ಅಮ್ಮ. ಅವನು ಬಾಯಿ ತೆರೆದು ಏನೋ ಕೂಗುತ್ತಿದ್ದ, ದನಿ ಬರುತ್ತಿರಲಿಲ್ಲ. ಅಮ್ಮನ ಮೊಣಕಾಲು ಮೊದಲೇ ಸರಿಯಿಲ್ಲ. ಅವಳು ತಟ್ಟೆಯ ದೀಪಕ್ಕೆ ಕೈ ಅಡ್ಡ ಹಿಡಿದು, ದೀಪ ಆರಬಾರದೆಂಬ ಒಂದೇ ಕಾಳಜಿಯಲ್ಲಿ ನಿಂತಿದ್ದಳು. ನನಗೂ ಅವಳಿಗೂ ನಡುವೆ ಐದು ಹೆಜ್ಜೆ. ಆ ಐದು ಹೆಜ್ಜೆಯನ್ನು ನಾನು ಇಡಲಿಲ್ಲ. ಕಾಲು ನನ್ನದಾಗಿರಲಿಲ್ಲ.

ಕಡ್ಲೆಪುರಿ ಚೆಲ್ಲಿದ್ದು ಕಂಡಿತು. ಮೇಸ್ತ್ರಿ ಮಣೆಯನ್ನು ಒಂದೇ ಸಲಕ್ಕೆ ಎತ್ತಿದರು. ಸ್ಪ್ಯಾನರುಗಳು ಶಬ್ದವಿಲ್ಲದೆ ಉದುರಿದವು. ಹೊಗೆಯೊಳಗೆ ಬಾನೆಟ್ಟಿನ ಕೆಳಗೆ ಬಗ್ಗಿ, ಗಾಳಿ ಎಳೆಯುವ ದಪ್ಪ ರಬ್ಬರ್ ಪೈಪನ್ನು ಫಿಲ್ಟರ್ ಡಬ್ಬಿಯಿಂದ ಕಿತ್ತು, ಅದರ ಬಾಯಿಗೆ ಮಣೆ ಒತ್ತಿ ಹಿಡಿದರು. ಬಗ್ಗುವಾಗ ಅವರ ಎಡಗೈ ಕಾದ ಟರ್ಬೋದ ಮೇಲೆ ಊರಿತು. ಊರಿದ ಕೈಯನ್ನು ಅವರು ತೆಗೆಯಲಿಲ್ಲ. ಮಣೆ ಪೈಪಿಗೆ ಅಂಟಿಕೊಂಡಿತು. ಕಿರುಚು ಒಮ್ಮೆ ಬಿಕ್ಕಿ, ಎರಡು ಸಲ ಗಾಡಿಯನ್ನು ಕುಲುಕಿ, ನಿಂತಿತು.

ಆಮೇಲಿನ ಮೌನದಲ್ಲಿ ಅಮ್ಮನ ದನಿ ಮೊದಲು ಕೇಳಿತು. "ದೀಪ ಆರಲಿಲ್ಲ" ಅಂದಳು.

ಮೇಸ್ತ್ರಿಯ ಅಂಗೈಗೆ ತಣ್ಣೀರು ಹಾಕಿ, ಆಸ್ಪತ್ರೆಗೆ ಕರೆದುಕೊಂಡು ಹೋಗಿ ಬ್ಯಾಂಡೇಜು ಹಾಕಿಸಿದೆವು. ದಾರಿಯುದ್ದಕ್ಕೂ ಅವರು ಒಂದೇ ಮಾತು ಹೇಳುತ್ತಿದ್ದರು. "ಮರಳು. ಎಣ್ಣೆ ಪೈಪಲ್ಲಿ ಮರಳು ಉಳಿದಿದೆ. ನಂದೇ ತಪ್ಪು." ಆ ಸಣ್ಣ ಪೈಪನ್ನು ಬಿಚ್ಚಿಸಿಕೊಂಡು, ಕಾಗದದಲ್ಲಿ ಸುತ್ತಿ, ಸಂಜೆಯ ಬಸ್ಸಿಗೆ ಭದ್ರಾವತಿಗೆ ಹೋದರು. ಅಣ್ಣನೂ ಹೆದರಿ ಹೋಗಿದ್ದ. ಹೆದರಿಕೆ ಮರುದಿನ ಸಿಟ್ಟಾಯಿತು. ಕೇಳಿದವರಿಗೆಲ್ಲ "ಮೇಸ್ತ್ರಿ ಕೈ ಕೆಟ್ಟಿದೆ ಮಾರಾಯ. ನಮ್ಮಮ್ಮನ್ನ ಕಳ್ಕೊಳ್ತಿದ್ದೆ" ಅನ್ನುತ್ತಿದ್ದ. ಅವನು ಸುಳ್ಳು ಹೇಳುತ್ತಿರಲಿಲ್ಲ. ಅವನಿಗೆ ಗೊತ್ತಿದ್ದುದು ಅಷ್ಟೇ.

ಮೂರನೆಯ ದಿನ ಬಾಡಿದ ಹೂವು ತೆಗೆಯಲು ಹೋಗಿದ್ದೆ. ಚಕ್ರದ ಪಕ್ಕ ಕೂತಾಗ ಎಣ್ಣೆ ಅಳೆಯುವ ಆ ಕಡ್ಡಿಯ ನೆನಪಾಯಿತು. ಒಳಗಿನಿಂದ ತಳ್ಳಿದ ಹಾಗೆ. ಒಳಗಿನಿಂದ ಏನು ತಳ್ಳುತ್ತದೆ? ಒತ್ತಡ. ಹಬೆ ಹೊರಗೆ ಹೋಗದಿದ್ದರೆ ಬರುವ ಒತ್ತಡ. ಆ ಒತ್ತಡವಿರುವಾಗ ಟರ್ಬೋದ ಎಣ್ಣೆ ಕೆಳಗಿಳಿಯುವುದು ಹೇಗೆ? ನನ್ನ ಬೆರಳು ತಾನಾಗಿ ರಬ್ಬರ್ ಪೈಪಿನೊಳಗೆ ಹೋಯಿತು. ಕಪ್ಪಾಗಿ, ಎಣ್ಣೆ ಕುಡಿದು ಊದಿದ್ದ ಬಟ್ಟೆ. ಅಂಚು ಮಾತ್ರ ಇನ್ನೂ ನೀಲಿ.

ಅದನ್ನು ಬಿಸ್ಕತ್ತಿನ ಹಳೆಯ ಡಬ್ಬಿಗೆ ಹಾಕಿ ನನ್ನ ಪುಸ್ತಕಗಳ ಹಿಂದೆ ಇಟ್ಟೆ. ಯಾರಿಗೂ ಹೇಳಲಿಲ್ಲ. ನಾಳೆ ಹೇಳುತ್ತೇನೆ ಅಂದುಕೊಂಡೆ, ಎಲ್ಲರೂ ಅಂದುಕೊಳ್ಳುವ ಹಾಗೆ. ನಿದ್ದೆ ಕೆಟ್ಟದ್ದು ಆವಾಗಿನಿಂದ. ಕಣ್ಣು ಮುಚ್ಚಿದರೆ ಬಿಳಿ ಹೊಗೆ, ಹೊಗೆಯೊಳಗೆ ಅಮ್ಮ, ಐದು ಹೆಜ್ಜೆ. ಸ್ವಲ್ಪ ಮಂಪರು ಬಂದರೂ ಯಾವುದೋ ಲಾರಿ ಗೇರು ಬದಲಿಸಿದ ಸದ್ದಿಗೆ ಎದ್ದು ಕೂರುತ್ತಿದ್ದೆ. ತರಗತಿಯಲ್ಲಿ ಒತ್ತಡದ ಪಾಠ ಬಂದಾಗ ಅದನ್ನು ಬಿಟ್ಟು ಮುಂದಿನದಕ್ಕೆ ಹೋದೆ.

ಟ್ಯುಟೋರಿಯಲ್‌ನ ಹುಡುಗಿಯೊಬ್ಬಳ ಮನೆ ಮೇಸ್ತ್ರಿಯ ಬೀದಿಯಲ್ಲಿತ್ತು. ಒಂದು ಭಾನುವಾರ ಅವಳೇ ಹೇಳಿದಳು: ಮೇಸ್ತ್ರಿ ಕೆಲಸ ಬಿಟ್ಟಿದ್ದಾರೆ, ಬಂದ ಗಾಡಿಗಳನ್ನೆಲ್ಲ ವಾಪಸು ಕಳಿಸುತ್ತಿದ್ದಾರೆ, ಲೇತನ್ನು ಮಾರಲು ಯಾರನ್ನೋ ಕೇಳಿದ್ದಾರೆ. ಕೈ ಗುಣವಾಗಿಲ್ಲವಾ ಎಂದೆ. "ಕೈ ಸರಿಯಾಯ್ತಂತೆ ಮಿಸ್. ಅವ್ರಿಗೇ ಅವ್ರ ಕೈ ಮೇಲೆ ನಂಬಿಕೆ ಇಲ್ವಂತೆ."

ಮುಂದಿನ ವಾರ ಡಬ್ಬಿಯನ್ನು ಬ್ಯಾಗಿನಲ್ಲಿಟ್ಟುಕೊಂಡು ಬಸ್ಸು ಹತ್ತಿದೆ.

ಶೆಡ್ಡಿನಲ್ಲಿ ಲೇತಿನ ಮೇಲೆ ಗೋಣಿಚೀಲ ಹೊದಿಸಿತ್ತು. ಮೇಸ್ತ್ರಿ ನನ್ನ ಸ್ಟೂಲಿನ ಮೇಲೆ ಕೂತು ಪೇಪರ್ ಓದುತ್ತಿದ್ದರು. ಎಡ ಅಂಗೈಯಲ್ಲಿ ಹೊಸ ಚರ್ಮ ಗುಲಾಬಿ ಬಣ್ಣಕ್ಕೆ ಬಂದಿತ್ತು.

"ಏನ್ ತಾಯಿ, ಕ್ಲಾಸಿಲ್ವಾ?"

ನಾನು ಡಬ್ಬಿ ತೆರೆದು ಮುಂದೆ ಹಿಡಿದೆ. ಹೇಳಬೇಕೆಂದು ಬಸ್ಸಿನಲ್ಲಿ ಜೋಡಿಸಿಕೊಂಡಿದ್ದ ಮಾತೆಲ್ಲ ಹೋಗಿ, "ಉಸಿರು ಪೈಪಲ್ಲಿ ಇತ್ತು. ತುರುಕಿದ್ದು ನಾನು" ಎಂದಷ್ಟೇ ಬಂತು.

ಅವರು ಬಟ್ಟೆಯನ್ನು ಎತ್ತಿ ಮೂಸಿದರು, ಹಿಂಡಿದರು, ಬಿಡಿಸಿ ನೀಲಿ ಅಂಚನ್ನು ನೋಡಿದರು.

"ಯಾವಾಗ ಸಿಕ್ತು?"

"ಹಬ್ಬ ಆಗಿ ಮೂರನೇ ದಿನ."

"ಇವತ್ತಿಗೆ?"

"ಇಪ್ಪತ್ತಾರು ದಿನ ಆಯ್ತು."

ಅವರು ಎದ್ದು ಒಳಗೆ ಹೋದರು. ಹೋದವರು ಬರಲಿಲ್ಲ ಎನ್ನುವಷ್ಟು ಹೊತ್ತಾಯಿತು. ಬಂದಾಗ ಕೈಯಲ್ಲಿ ಕಾಗದದ ಪೊಟ್ಟಣ. ಬಿಚ್ಚಿ ನನ್ನ ತೊಡೆಯ ಮೇಲಿಟ್ಟರು. ನಮ್ಮ ಗಾಡಿಯ ಎಣ್ಣೆ ಪೈಪು. ಗರಗಸದಲ್ಲಿ ಉದ್ದಕ್ಕೆ ಸೀಳಿ, ಬಿದಿರಿನ ದಬ್ಬೆಯ ಹಾಗೆ ಎರಡು ಹೋಳು ಮಾಡಿದ್ದರು. ಒಳಮೈ ಕನ್ನಡಿಯಂತೆ ಸ್ವಚ್ಛವಾಗಿತ್ತು.

"ಇಪ್ಪತ್ತಾರು ದಿನ ನಾನು ಇದ್ರಲ್ಲಿ ಮರಳು ಹುಡುಕಿದೀನಿ. ಕಡ್ಡಿ ಹಾಕಿ ಕೆರೆದೆ. ಸಿಗಲಿಲ್ಲ. ಒಂದು ಕಾಳೂ ಸಿಗಲಿಲ್ಲ. ಹಂಗಾದ್ರೆ ಕೊಚ್ಕೊಂಡು ಹೋಗಿರ್ಬೇಕು ಅಂದ್ಕೊಂಡೆ. ಕೈಗೆ ದಾರ ಕಟ್ಕೊಂಡೋನು ನಾನು. ಆ ದಾರ ಸುಳ್ಳು ಹೇಳ್ತಾ ಅಂತ ರಾತ್ರಿಯೆಲ್ಲ ಎಣಿಸಿದೀನಿ."

ಅವರ ದನಿ ಏರಲಿಲ್ಲ. ಏರಿದ್ದರೆ ನನಗೆ ಹಗುರವಾಗುತ್ತಿತ್ತು.

"ತಪ್ಪಾಯ್ತು ಮೇಸ್ತ್ರಿಗಳೇ."

"ಬಟ್ಟೆ ಮರ್ತಿದ್ದು ತಪ್ಪಲ್ಲ ತಾಯಿ. ಯಾರಾದ್ರೂ ಮರೀತಾರೆ. ಡಬ್ಬಿಯೊಳಗೆ ಇಟ್ಟಿದ್ಯಲ್ಲ, ಅದು."

ಮೇಸ್ತ್ರಿಯ ಹೆಂಡತಿ ಕಾಫಿ ತಂದರು. ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದರೆಂದು ಕಾಣುತ್ತದೆ. ನನಗೆ ಲೋಟ ಕೊಟ್ಟು, ಗಂಡನ ಕಡೆ ತಿರುಗಿ, "ಒಂದು ತಿಂಗಳಿಂದ ಮನೇಲಿ ಕೂತು ನನ್ನ ಸಾರಿಗೆ ಉಪ್ಪು ಜಾಸ್ತಿ, ಹುಳಿ ಜಾಸ್ತಿ ಅಂತಿದ್ರಲ್ಲ, ಈಗ್ಲಾದ್ರೂ ಆ ಗೋಣಿ ತೆಗೀರಿ" ಅಂದರು. ಮೇಸ್ತ್ರಿ ನಗಲಿಲ್ಲ. ಕಾಫಿ ಕುಡಿದು ಮುಗಿಸಿದರು. ಆಮೇಲೆ ಎದ್ದು, ಲೇತಿನ ಮೇಲಿನ ಗೋಣಿ ಎಳೆದು, ಮಡಿಸಿ ಮೂಲೆಗಿಟ್ಟರು.

"ನಿಮ್ಮಣ್ಣಂಗೆ ನೀನೇ ಹೇಳು. ನಾನು ಹೇಳಲ್ಲ."

ಅವತ್ತೇ ಊಟದ ಹೊತ್ತಿಗೆ ಹೇಳಿದೆ. ಅಣ್ಣ ಕೈಯಲ್ಲಿದ್ದ ತುತ್ತನ್ನು ತಟ್ಟೆಗೇ ಬಿಟ್ಟ. ನನ್ನನ್ನು ಬೈಯುತ್ತಾನೆಂದು ಕಾದೆ. ಅವನು ಗೋಡೆ ನೋಡುತ್ತ, "ತುರುಕು ಅಂದಿದ್ದು ನಾನು. ತೆಗೆದ್ಯಾ ಅಂತ ಕೇಳಲಿಲ್ಲ" ಅಂದ. ಆಮೇಲೆ, "ಬೀದಿಯವರಿಗೆಲ್ಲ ಏನೇನು ಹೇಳ್ಬಿಟ್ಟೆ ನಾನು" ಅಂದ.

"ಬಟ್ಟೆ ಹರಿದುಕೊಟ್ಟೋಳು ನಾನಲ್ವೇನೋ. ಬೈಯೋದಾದ್ರೆ ಮೂರು ಜನಕ್ಕೂ ಸಮ ಬೈಕೋ" ಎಂದು ಅಮ್ಮ ಇನ್ನಷ್ಟು ಸಾರು ಬಡಿಸಿದಳು. "ಮೊದ್ಲು ಆ ಮನುಷ್ಯನ್ನ ಮನೆಗೆ ಕರ್ಕೊಂಡು ಬಾ."

ಮರುದಿನ ಅಣ್ಣ ಅಂಗಡಿ ತೆರೆಯಲಿಲ್ಲ, ಭದ್ರಾವತಿಗೆ ಹೋದ. ಅಲ್ಲಿ ಏನು ಮಾತಾಯಿತೋ ಇಬ್ಬರೂ ಹೇಳಲಿಲ್ಲ. ಆದರೆ ಬರುವಾಗ ಒಟ್ಟಿಗೆ ಬಂದರು. ಬಸ್‌ಸ್ಟಾಪಿನಿಂದ ನಮ್ಮ ಬೀದಿಯುದ್ದಕ್ಕೂ ಅಣ್ಣ ಮೇಸ್ತ್ರಿಯ ಸಾಮಾನಿನ ಚೀಲವನ್ನು ತಾನೇ ಹೊತ್ತುಕೊಂಡು, ಕೇಳಿದವರ ಮನೆಯ ಮುಂದೆಲ್ಲ ನಿಂತು, "ಮೇಸ್ತ್ರಿದಲ್ಲ, ನಮ್ಮದೇ ತಪ್ಪು. ಬಟ್ಟೆ ಮರ್ತಿದ್ವಿ" ಎಂದು ಹೇಳುತ್ತ ಬಂದ. ಎದುರುಮನೆಯವರು "ಹಂಗಾದ್ರೆ ನಿನ್ನ ಕೈ ಕೆಟ್ಟಿದೆ ಅನ್ನು ಮಾರಾಯ" ಅಂದದ್ದು ನಮ್ಮ ಜಗಲಿಗೂ ಕೇಳಿತು. "ಹೂಂ, ಹಂಗೇ ಅಂತ ಇಟ್ಕೊಳ್ಳಿ" ಅಂದ ಅಣ್ಣ.

ಮೇಸ್ತ್ರಿ ಟರ್ಬೋ ಬಿಚ್ಚಿ ಭದ್ರಾವತಿಗೆ ಒಯ್ದರು. ಸೀಲು ಬದಲಿಸಿ, ಕಂಬಿ ತಿರುವಿ ನೋಡಿ, ಹೊಸ ಎಣ್ಣೆ ಪೈಪು ಮರಳು ಹಾಕಿಯೇ ಬಗ್ಗಿಸಿದರು. ಎರಡು ವಾರ ಹಿಡಿಯಿತು. ಶುಕ್ರವಾರ ಬೆಳಗ್ಗೆ ಎಲ್ಲ ಜೋಡಿಸಿಯಾದ ಮೇಲೆ ಅಣ್ಣನನ್ನು ಡ್ರೈವರ್ ಸೀಟಿಗೆ ಕೂರಿಸಿ, ಅಮ್ಮನನ್ನು ಜಗಲಿಯ ಮೇಲೆ ಕುರ್ಚಿ ಹಾಕಿ ಕೂರಿಸಿ, ಹಲಸಿನ ಮಣೆಯನ್ನು ನನ್ನ ಕೈಗೆ ಕೊಟ್ಟರು.

"ನೀನು ಇಲ್ಲಿ ನಿಲ್ಲು, ಪೈಪಿನ ಬಾಯಿ ಹತ್ರ. ಏರಿದ್ರೆ ಒತ್ತು. ಕೈ ಇಡ್ಬೇಡ, ಮಣೆ ಇಡು."

ಫಿಲ್ಟರ್ ಡಬ್ಬಿಯಿಂದ ಬಿಡಿಸಿಟ್ಟ ರಬ್ಬರ್ ಪೈಪಿನ ಮುಂದೆ ಮಣೆ ಹಿಡಿದು ನಿಂತೆ. ಮೇಸ್ತ್ರಿ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗೆ ಹಚ್ಚಿಕೊಂಡು ಕಣ್ಣು ಮುಚ್ಚಿದರು. ಅಣ್ಣ ಕೀ ತಿರುಗಿಸಿದ. ಪೈಪಿನ ಬಾಯಿಂದ ಒಳಕ್ಕೆ ಹೋಗುವ ಗಾಳಿ ನನ್ನ ಮಣಿಕಟ್ಟನ್ನು ಸವರಿ ತಣ್ಣಗೆ ಹಾದುಹೋಗುತ್ತಿತ್ತು. ಈ ಸಲ ಕಾಲು ನನ್ನದಾಗಿಯೇ ಇತ್ತು. ಮೂರು ನಿಮಿಷ, ಐದು ನಿಮಿಷ, ಹತ್ತು. ಅಣ್ಣ ಮೆಲ್ಲಗೆ ಆಕ್ಸಿಲರೇಟರ್ ಒತ್ತಿದ, ಶಬ್ದ ಏರಿತು. ಕಾಲು ತೆಗೆದ, ಶಬ್ದ ಇಳಿಯಿತು, ಹೇಳಿದ ಮಾತು ಕೇಳಿದ ಹಾಗೆ. ಮೇಸ್ತ್ರಿ ಕಣ್ಣು ತೆರೆಯದೆ ತಲೆ ಆಡಿಸಿದರು. ಅಣ್ಣ ಕೀ ತೆಗೆದಾಗ ಎಂಜಿನ್ ಕೂಡಲೇ ನಿಂತಿತು. ಅಷ್ಟು ಸಾಮಾನ್ಯವಾದ ಸಂಗತಿಯೊಂದು ಅಷ್ಟು ದೊಡ್ಡದಾಗಿ ನನಗೆ ಎಂದೂ ಕಂಡಿರಲಿಲ್ಲ.

ಹೊರಡುವಾಗ ಮೇಸ್ತ್ರಿ ಜೇಬಿನಿಂದ ಕೆಂಪು ದಾರದ ಉಂಡೆ ತೆಗೆದು ನನಗೆ ಕೊಟ್ಟರು. ಭಾನುವಾರ ಶೆಡ್ಡಿಗೆ ಬಾ ಎಂದು ಮಾತ್ರ ಕರೆಯಲಿಲ್ಲ. ಎರಡು ವಾರ ಬಿಟ್ಟು ನಾನಾಗಿ ಹೋದಾಗ ಸ್ಟೂಲು ಇದ್ದ ಜಾಗದಲ್ಲೇ ಇತ್ತು.

ಈಗಲೂ ಯಾವುದೇ ಗಾಡಿ ತೊಳೆಯುವುದನ್ನು ಕಂಡರೆ ನನ್ನ ಕಣ್ಣು ಚಕ್ರದ ಪಕ್ಕಕ್ಕೆ ಹೋಗುತ್ತದೆ. ಹೊಗೆ, ಅಮ್ಮ, ಐದು ಹೆಜ್ಜೆ ಮತ್ತೆ ಬರುತ್ತವೆ. ಬಂದು, ಸ್ವಲ್ಪ ಹೊತ್ತು ನಿಂತು, ಹೋಗುತ್ತವೆ.

ಆ ಶುಕ್ರವಾರ ಸಂಜೆ ಅಣ್ಣ ಮೇಸ್ತ್ರಿಯನ್ನು ಅದೇ ಗಾಡಿಯಲ್ಲಿ ಭದ್ರಾವತಿಗೆ ಬಿಟ್ಟುಬಂದ. ಗೇಟಿನೊಳಗೆ ಗುಡುಗುಡು ಕೇಳಿತು. ಅಮ್ಮ ತಟ್ಟೆ ಹಾಕಿದಳು. ನಾನು ಚಾಪೆಯ ಮೇಲೆ ಸುಮ್ಮನೆ ಒರಗಿ ಆ ಎರಡು ನಿಮಿಷ ಮುಗಿಯುವುದನ್ನು ಕಾಯುತ್ತಿದ್ದೆ. ಮುಗಿದದ್ದು ನನಗೆ ಗೊತ್ತಾಗಲಿಲ್ಲ. ಕಣ್ಣು ಬಿಟ್ಟಾಗ ಮೈಮೇಲೆ ಯಾರೋ ಹೊದಿಸಿದ ರಗ್ಗು ಇತ್ತು, ಕಿಟಕಿಯಲ್ಲಿ ಶನಿವಾರದ ಬಿಸಿಲಿತ್ತು, ಹಾಲಿನವನು ಬಂದು ಹೋಗಿಯಾಗಿತ್ತು.